ಕೈಬಿಟ್ಟ ನಾಲ್ಕನೇ ಅಧ್ಯಾಯ

ಊರಿನಿಂದ ನೆಂಟರು ಬಂದರೆ ದೆಹಲಿ ಕನ್ನಡಿಗರ ಮನೆಗಳಲ್ಲಿ ನಡೆಯುವ ಏರ್ಪಾಡು ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಉಪ್ಪಿಟ್ಟು ತಿನ್ನಿಸಿ, ಕೈಗೆ ನೀರಿನ ಬಾಟಲಿ ಕೊಟ್ಟು, ಒಂದು ದಿನದ ಪ್ರವಾಸದ ಬಸ್ಸು ಹತ್ತಿಸುವುದು. ಕೆಂಪುಕೋಟೆ, ಹುಮಾಯೂನನ ಸಮಾಧಿ, ಕುತುಬ್ ಮಿನಾರ್. ಹೊತ್ತು ಉಳಿದರೆ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಸಂಜೆ ದಣಿದು ಬಂದ ನೆಂಟರ ಫೋನಿನ ತುಂಬ ಗೋಡೆ, ಗುಮ್ಮಟ, ಕಮಾನು. ಅಲ್ಲಿ ಬಾಳಿದ ಜನ ಎಲ್ಲಿ ಹೋದರು ಎಂದು ಯಾರೂ ಕೇಳುವುದಿಲ್ಲ. ಕೇಳುವಷ್ಟು ಹೊತ್ತು ಬಸ್ಸು ನಿಲ್ಲುವುದೂ ಇಲ್ಲ.

ಸ್ಮಾರಕಗಳ ಜೊತೆಗೆ ಜನರನ್ನೂ ತೋರಿಸಿದ ಪುಸ್ತಕವೊಂದು ದೆಹಲಿಗೆ ಇತ್ತು. 1847ರಲ್ಲಿ ಉರ್ದುವಿನಲ್ಲಿ ಅಚ್ಚಾದ ಆ ಪುಸ್ತಕದ ಹೆಸರು ‘ಆಸಾರುಸ್ಸನಾದೀದ್’. ಬರೆದವರು ಮುಂದೆ ಅಲೀಗಢದ ಕಾಲೇಜನ್ನು ಕಟ್ಟಿದ ಸಯ್ಯದ್ ಅಹ್ಮದ್ ಖಾನ್. ಆಗ ಅವರಿಗೆ ಮೂವತ್ತರ ಪ್ರಾಯ, ದೆಹಲಿಯಲ್ಲಿ ಮುನ್ಸೀಫರ ಕೆಲಸ. ಅದಕ್ಕೂ ಮೊದಲು ಮಿರ್ಜಾ ಸಂಗೀನ್ ಬೇಗ್ ಎಂಬಾತ ಪಾರ್ಸಿಯಲ್ಲಿ ನಗರದ ಕಟ್ಟಡಗಳ ಬಗ್ಗೆ ಬರೆದಿದ್ದುಂಟು. ಆದರೆ ಚಿತ್ರಗಳ ಸಮೇತ, ಶಾಸನಗಳ ಪಾಠದ ಸಮೇತ ಇಷ್ಟು ವಿಸ್ತಾರವಾಗಿ ಊರನ್ನು ದಾಖಲಿಸಿದ್ದು ಈ ಪುಸ್ತಕವೇ.

ಆ ಕೆಲಸ ಸುಲಭದ್ದಾಗಿರಲಿಲ್ಲ. ಕುತುಬ್ ಮಿನಾರಿನ ಎತ್ತರ 72 ಮೀಟರಿಗೂ ಹೆಚ್ಚು. ಮೇಲಿನ ಅಕ್ಷರಪಟ್ಟಿಗಳು ನೆಲದಿಂದ ಓದಲು ಸಿಗುವುದಿಲ್ಲ. ಸಯ್ಯದ್ ಅಹ್ಮದ್ ಎರಡು ಕಂಬಗಳ ನಡುವೆ ಬುಟ್ಟಿ ಕಟ್ಟಿಸಿ, ಅದರಲ್ಲಿ ಕೂತು ಮೇಲೇರಿ ಒಂದೊಂದೇ ಸಾಲು ನಕಲು ಮಾಡಿಕೊಂಡರಂತೆ. ಅವರ ಜೀವನಚರಿತ್ರೆ ಬರೆದ ಕವಿ ಹಾಲಿ ಇದನ್ನು ಹೇಳುತ್ತಾರೆ. ಜೊತೆಗಿದ್ದ ಗೆಳೆಯ, ಪಾರ್ಸಿ ಪಂಡಿತ ಇಮಾಂ ಬಕ್ಷ್ ಸಹಬಾಯಿ, ತೂಗಾಡುವ ಬುಟ್ಟಿ ನೋಡಿ ಕೆಳಗೆ ನಿಂತಲ್ಲೇ ಬಿಳಿಚಿಕೊಳ್ಳುತ್ತಿದ್ದರಂತೆ.

ಪುಸ್ತಕದಲ್ಲಿ ನಾಲ್ಕು ಅಧ್ಯಾಯಗಳಿದ್ದವು. ಮೊದಲನೆಯದು ನಗರದ ಹೊರಗಿನ ಕಟ್ಟಡಗಳದ್ದು, ಎರಡನೆಯದು ಕೆಂಪುಕೋಟೆಯದ್ದು, ಮೂರನೆಯದು ಶಹಜಹಾನಾಬಾದಿನದ್ದು. ನಾಲ್ಕನೆಯದು ಜನರದ್ದು. ದೆಹಲಿಯ ಸೂಫಿಗಳು, ಹಕೀಮರು, ಮೌಲ್ವಿಗಳು, ಕವಿಗಳು, ಗಾಯಕರು, ಹೀಗೆ ನೂರಕ್ಕೂ ಹೆಚ್ಚು ಮಂದಿಯ ಪರಿಚಯ ಅಲ್ಲಿತ್ತು. ಗಾಲಿಬ್ ಇದ್ದರು, ಬುಟ್ಟಿಗೆ ಹೆದರಿದ ಸಹಬಾಯಿಯೂ ಇದ್ದರು. ಊರು ಎಂದರೆ ಕಲ್ಲು ಮಾತ್ರವಲ್ಲ ಎಂಬುದು ಆ ಬರಹಗಾರನಿಗೆ ಸಹಜವಾಗಿಯೇ ಗೊತ್ತಿತ್ತು.

ಏಳು ವರ್ಷಗಳ ನಂತರ, 1854ರಲ್ಲಿ, ಎರಡನೇ ಆವೃತ್ತಿ ಬಂತು. ಬ್ರಿಟಿಷ್ ವಿದ್ವಾಂಸರ ಸಲಹೆಗೂ ಕಿವಿಗೊಟ್ಟು ಸಯ್ಯದ್ ಅಹ್ಮದ್ ಪುಸ್ತಕವನ್ನು ತಿದ್ದಿದ್ದರು. ಅಲಂಕಾರದ ಭಾಷೆ ಸರಳವಾಗಿತ್ತು, ಕಟ್ಟಡಗಳು ಕಾಲಾನುಕ್ರಮದಲ್ಲಿ ಜೋಡಣೆಯಾಗಿದ್ದವು, ಆಧಾರಗಳು ಗಟ್ಟಿಯಾಗಿದ್ದವು. ಇತಿಹಾಸದ ಪುಸ್ತಕವಾಗಿ ಅದು ಮೊದಲಿನದಕ್ಕಿಂತ ಮೇಲು. ಆದರೆ ನಾಲ್ಕನೇ ಅಧ್ಯಾಯವನ್ನು ಅವರು ಕೈಬಿಟ್ಟಿದ್ದರು.

ಮೂರೇ ವರ್ಷಕ್ಕೆ ಆ ಅಧ್ಯಾಯದ ಜನರಿಗೂ ಅದೇ ಗತಿಯಾಯಿತು. 1857ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಪಡೆ ದೆಹಲಿಯನ್ನು ಮತ್ತೆ ವಶಪಡಿಸಿಕೊಂಡಾಗ ಸಹಬಾಯಿ ಗುಂಡಿಗೆ ಬಲಿಯಾದರು. ವಿದ್ವಾಂಸ ಫಜ್ಲೆಹಕ್ ಖೈರಾಬಾದಿಯವರನ್ನು ಅಂಡಮಾನಿಗೆ ಸಾಗಿಸಲಾಯಿತು, 1861ರಲ್ಲಿ ಅಲ್ಲೇ ತೀರಿಕೊಂಡರು. ಸಯ್ಯದ್ ಅಹ್ಮದ್ ಆಗ ಬಿಜನೌರಿನಲ್ಲಿದ್ದರು. ದೆಹಲಿಯಲ್ಲಿ ಅಡಗಿ ಕುಳಿತಿದ್ದ ತಾಯಿಯನ್ನು ಹೇಗೋ ಹುಡುಕಿ ಮೀರಠಿಗೆ ಕರೆದೊಯ್ದರು. ತಾಯಿ ಹೆಚ್ಚು ದಿನ ಉಳಿಯಲಿಲ್ಲ.

ನಗರದ ನಿವಾಸಿಗಳನ್ನು ಹೊರಗಟ್ಟಲಾಯಿತು. ಜಾಮಾ ಮಸೀದಿ ಮುಟ್ಟುಗೋಲಾಗಿ, 1862ರವರೆಗೆ ಮುಸ್ಲಿಮರ ಕೈಗೆ ಮರಳಲಿಲ್ಲ. ಕೆಂಪುಕೋಟೆಯೊಳಗಿನ ಅರಮನೆಯ ಬಹುಭಾಗವನ್ನು ಕೆಡವಿ ಸೈನಿಕರ ಬ್ಯಾರಕ್ಕುಗಳನ್ನು ಎಬ್ಬಿಸಿದರು. ಇವತ್ತು ದಿವಾನೆಆಮಿನಿಂದ ದಿವಾನೆಖಾಸಿನ ಕಡೆ ನಡೆಯುವಾಗ ಸಿಗುವ ವಿಶಾಲ ಹುಲ್ಲುಹಾಸನ್ನು ನೋಡಿ ಮೊಗಲರಿಗೆ ಬಯಲೆಂದರೆ ಎಷ್ಟು ಪ್ರೀತಿ ಎಂದುಕೊಳ್ಳುವವರಿದ್ದಾರೆ. ಅಲ್ಲಿದ್ದದ್ದು ಬಯಲಲ್ಲ, ಅಂಗಳಗಳು, ಓಣಿಗಳು, ಜನ ತುಂಬಿದ ಮನೆಗಳು.

ಕೆಡವಿದ ಆಡಳಿತವೇ ಮುಂದೆ ಕಾಪಾಡಲೂ ನಿಂತಿತು. 1861ರಲ್ಲಿ ಕನ್ನಿಂಗ್‌ಹ್ಯಾಮ್ ಪುರಾತತ್ವ ಸರ್ವೇಕ್ಷಕರಾದರು. 1904ರಲ್ಲಿ ಕರ್ಜನ್ ಕಾಲದಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣಾ ಕಾಯ್ದೆ ಬಂತು. ಆ ಕಾಯ್ದೆ ಇಲ್ಲದಿದ್ದರೆ ನೋಡಲು ಇಷ್ಟೂ ಉಳಿಯುತ್ತಿರಲಿಲ್ಲ ಎಂಬುದು ನಿಜ. ಆದರೆ ರಕ್ಷಣೆಯ ರೀತಿ ಒಂದೇ ಆಗಿತ್ತು: ಜನರನ್ನು ತೆರವು ಮಾಡು, ಹುಲ್ಲು ಬೆಳೆಸು, ಫಲಕ ನೆಡು. ಪುರಾನಾ ಕಿಲಾದ ಗೋಡೆಗಳೊಳಗೆ ಇಂದರಪತ್ ಎಂಬ ಹಳ್ಳಿಯೇ ಇತ್ತು. 1911ರಲ್ಲಿ ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಬರುವುದೆಂದು ಘೋಷಣೆಯಾದ ಕೆಲವೇ ವರ್ಷಗಳಲ್ಲಿ ಹಳ್ಳಿಯನ್ನು ಎಬ್ಬಿಸಿದರು. ಹೊಸ ನಗರದ ರಾಜಮಾರ್ಗದ ತುದಿಗೆ ಹಳೆಯ ಕೋಟೆ ಚಿತ್ರದಂತೆ ಕಾಣಬೇಕಿತ್ತು.

ಹೀಗೆ ಖಾಲಿ ಮಾಡಿದ ಜಾಗಗಳು 1947ರಲ್ಲಿ ಮತ್ತೆ ತುಂಬಿದವು. ಪಾಕಿಸ್ತಾನಕ್ಕೆ ಹೊರಟ ಮುಸ್ಲಿಂ ಕುಟುಂಬಗಳು ಮೊದಲು, ಅತ್ತಣಿಂದ ಬಂದ ಹಿಂದೂ, ಸಿಖ್ಖ್ ನಿರಾಶ್ರಿತರು ಆಮೇಲೆ, ಪುರಾನಾ ಕಿಲಾದಲ್ಲೂ ಹುಮಾಯೂನನ ಸಮಾಧಿಯ ಆವರಣದಲ್ಲೂ ದಿನ ನೂಕಿದರು. ಶಿಬಿರಗಳು ವರ್ಷಗಟ್ಟಲೆ ಇದ್ದವು. ತೋಟಗಳು, ನೀರಿನ ಕಾಲುವೆಗಳು ಹಾಳಾದವು ಎಂದು ಸಂರಕ್ಷಕರು ಬರೆಯುತ್ತಾರೆ. ಅದೂ ಸುಳ್ಳಲ್ಲ. ತಲೆಯ ಮೇಲೊಂದು ಸೂರು ಬೇಕಾಗಿದ್ದವರಿಗೆ ಗೋರಿಯೂ ಮನೆಯಾಗಿತ್ತು ಎಂಬುದೂ ಸುಳ್ಳಲ್ಲ.

ವಸ್ತುಸಂಗ್ರಹಾಲಯದ ಕಥೆಯೂ ಇದೇ ಕಾಲದ್ದು. 1947–48ರ ಚಳಿಗಾಲದಲ್ಲಿ ಲಂಡನ್ನಿನ ಪ್ರದರ್ಶನಕ್ಕೆಂದು ದೇಶದ ನಾನಾ ಕಡೆಗಳಿಂದ ಕಲಾಕೃತಿಗಳನ್ನು ಕಳಿಸಲಾಗಿತ್ತು. ಮರಳಿ ಬಂದವುಗಳನ್ನು ಇಂದಿನ ರಾಷ್ಟ್ರಪತಿ ಭವನದಲ್ಲಿ ಜೋಡಿಸಿದರು. 1949ರ ಆಗಸ್ಟ್ 15ರಂದು ಅದೇ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಯಿತು. ಜನಪಥದ ಈಗಿನ ಕಟ್ಟಡ ತೆರೆದದ್ದು 1960ರಲ್ಲಿ. ಅಲ್ಲಿ ಐಹೊಳೆಯ ಚಾಲುಕ್ಯ ಶಿಲ್ಪವೂ ಇದೆ, ಆಕಾಶದಲ್ಲಿ ಹಾರುವ ಗಂಧರ್ವರದ್ದು. ಕನ್ನಡಿಗರು ಅದರ ಮುಂದೆ ನಿಂತು ಹೆಮ್ಮೆಯಿಂದ ಫೋಟೊ ತೆಗೆಸಿಕೊಳ್ಳುತ್ತಾರೆ. ಮಲಪ್ರಭೆಯ ದಂಡೆಯ ಆ ಊರಲ್ಲಿ ಗುಡಿಗಳ ನಡುವೆಯೇ ತಲೆಮಾರುಗಳಿಂದ ಜನ ಸಂಸಾರ ಮಾಡಿಕೊಂಡು ಬಂದಿದ್ದಾರೆ. ಅವರನ್ನು ಬೇರೆಡೆ ಕಳಿಸಬೇಕೆಂಬ ಮಾತು ಅಲ್ಲಿಯೂ ಹಳೆಯದೇ.

ಕಲ್ಲನ್ನು ಉಳಿಸಲು ಜನರನ್ನು ಎಬ್ಬಿಸಬೇಕೇ ಎಂಬ ಪ್ರಶ್ನೆಗೆ ಎಲ್ಲ ಊರಿಗೂ ಒಂದೇ ಉತ್ತರ ಸಿಗಲಾರದು. ಆದರೆ ಎದ್ದು ಹೋದವರ ನೆನಪನ್ನಾದರೂ ಉಳಿಸಿಕೊಳ್ಳಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಸಯ್ಯದ್ ಅಹ್ಮದರ ಮೊದಲ ಆವೃತ್ತಿಯ ನಾಲ್ಕನೇ ಅಧ್ಯಾಯವನ್ನು ಉರ್ದು ಸಂಪಾದಕರು ಮತ್ತೆ ಅಚ್ಚು ಹಾಕಿಸಿದ್ದಾರೆ.

ಮುಂದಿನ ಸಲ ನೆಂಟರು ಬಂದಾಗ ನಾಲ್ಕು ಜಾಗ ಸುತ್ತಿಸುವ ಬದಲು ಹುಮಾಯೂನನ ಸಮಾಧಿಯೊಂದಕ್ಕೇ ಕರೆದೊಯ್ಯಬಹುದು. ಕೊನೆಯ ಮೊಗಲ ದೊರೆ, ಎಂಬತ್ತು ದಾಟಿದ ಬಹದ್ದೂರ್ ಷಾ ಜಫರ್, 1857ರಲ್ಲಿ ಆಶ್ರಯ ಪಡೆದು ಶರಣಾದದ್ದು ಅಲ್ಲೇ. ತೊಂಬತ್ತು ವರ್ಷಗಳ ನಂತರ ನಿರಾಶ್ರಿತರು ಒಲೆ ಹೂಡಿದ್ದೂ ಅದೇ ಆವರಣದಲ್ಲಿ. ಮೆಟ್ಟಿಲ ಮೇಲೆ ಕೂತು ಈ ಎರಡು ಕಥೆ ಹೇಳಲು ಅರ್ಧ ಗಂಟೆ ಸಾಕು.