ನುಗ್ಗೇಹಳ್ಳಿಯ ಕಪ್ಪು ಕಲ್ಲಿಗೆ ಕಡಲಿನ ನಂಟೆ?

ಬಾಗೂರು, ನುಗ್ಗೇಹಳ್ಳಿ ಎಂದೊಡನೆ ಚನ್ನರಾಯಪಟ್ಟಣ ಸೀಮೆಯವರಿಗೆ ನೆನಪಾಗುವುದು ತೆಂಗಿನ ತೋಟ, ಹೇಮಾವತಿ ನಾಲೆಯ ಸುರಂಗ, 1246ರ ಲಕ್ಷ್ಮೀನರಸಿಂಹ ದೇವಾಲಯ. ಭೂವಿಜ್ಞಾನಿಗಳಿಗೆ ಈ ನೆಲ ಬೇರೊಂದು ಕಾರಣಕ್ಕೆ ಪ್ರಸಿದ್ಧ. ಅರಸೀಕೆರೆಯತ್ತ ಸಾಗುವ, ಸುಮಾರು 60 ಕಿ.ಮೀ. ಉದ್ದದ ಕಿರಿದಾದ ಶಿಲಾಪಟ್ಟಿಯೊಂದು ಇಲ್ಲಿದೆ. ಭೈರಾಪುರ, ತಗಡೂರು, ಜಂಬೂರುಗಳ ಕ್ರೋಮೈಟ್ ಅದಿರು ಈ ಪಟ್ಟಿಯದೇ. ತುಕ್ಕು ಹಿಡಿಯದ ಉಕ್ಕಿಗೆ ಬೇಕಾದ ಕ್ರೋಮಿಯಂ ದೊರೆಯುವುದು ಇಂಥ ಅದಿರಿನಿಂದ.

ಸುಮಾರು 310 ಕೋಟಿ ವರ್ಷ ಹಳೆಯದಾದ ಈ ಕಲ್ಲುಗಳು ಹುಟ್ಟಿದ್ದೆಲ್ಲಿ? ಈ ಪ್ರಶ್ನೆಯ ಹಿಂದೆ ದೊಡ್ಡದೊಂದು ಚರ್ಚೆಯಿದೆ.

ಹಾವಿನ ಚರ್ಮದಂತೆ ಹಸಿರು ಮಚ್ಚೆಯ ಸರ್ಪಶಿಲೆಗಳಿಗೆ ಫ್ರಾನ್ಸಿನ ಅಲೆಕ್ಸಾಂಡರ್ ಬ್ರೋನ್ಯಾರ್ 1813ರಲ್ಲಿ ‘ಓಫಿಯೊಲೈಟ್’ ಎಂಬ ಹೆಸರು ಕೊಟ್ಟ. ಗ್ರೀಕಿನಲ್ಲಿ ‘ಓಫಿಸ್’ ಎಂದರೆ ಹಾವು. ಒಂದೂವರೆ ಶತಮಾನದ ನಂತರ ಈ ಮಾತಿಗೆ ಖಚಿತ ಅರ್ಥ ಬಂತು. ಅಡಿಯಲ್ಲಿ ಪೆರಿಡೊಟೈಟ್, ಅದರ ಮೇಲೆ ಗ್ಯಾಬ್ರೊ, ಆಮೇಲೆ ಹಾಳೆ ಒತ್ತಿಟ್ಟಂತೆ ನಿಂತ ಡೈಕುಗಳು, ತುದಿಯಲ್ಲಿ ದಿಂಬಿನಾಕಾರದ ಲಾವಾ: ನೆಲಕ್ಕೆ ಬಂದು ಬಿದ್ದ ಸಾಗರತಳದ ತುಣುಕು ಎಂಬುದು 1972ರಲ್ಲಿ ಒಪ್ಪಿತವಾದ ವ್ಯಾಖ್ಯೆ. ಸಾಗರಮಧ್ಯದ ಏಣುಗಳಲ್ಲಿ ಹೊಸ ತಳ ಹುಟ್ಟುತ್ತದೆಂದು ಆಗತಾನೆ ತಿಳಿದಿತ್ತು. ಓಫಿಯೊಲೈಟುಗಳ ತವರೂ ಅದೇ ಎಂದು ಬಹುತೇಕರು ನಂಬಿದರು.

ಮರುವರ್ಷವೇ ಅಕಿಹೊ ಮಿಯಾಶಿರೊ ಈ ನಂಬಿಕೆಗೆ ಪೆಟ್ಟು ಕೊಟ್ಟರು. ಸೈಪ್ರಸ್ಸಿನ ಟ್ರೂಡೋಸ್ ಬೆಟ್ಟದ ಓಫಿಯೊಲೈಟ್ ಮಾದರಿ ಎನಿಸಿದ್ದ ಕಾಲವದು. ಅಲ್ಲಿನ ಶಿಲೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನ ರಾಸಾಯನಿಕ ಲಕ್ಷಣ ಜಪಾನಿನಂಥ ದ್ವೀಪಚಾಪಗಳ ಜ್ವಾಲಾಮುಖಿಗಳದ್ದು ಎಂದು ಅವರು ತೋರಿಸಿದರು. ಕೆಲವರು ಸಿಟ್ಟಾದರು, ಅನೇಕರು ಟೀಕಿಸಿದರು. ಆದರೆ ಮುಂದಿನ ದಶಕದಲ್ಲಿ ತಕ್ಕಡಿ ಅವರ ಕಡೆ ವಾಲಿತು.

ಕಾರಣ ನೀರು. ಒಂದು ಭೂಫಲಕ ಇನ್ನೊಂದರ ಕೆಳಗೆ ಜಾರುವಾಗ ತನ್ನೊಳಗಿನ ನೀರನ್ನೂ ಒಯ್ಯುತ್ತದೆ. ಬಿಸಿಗೆ ಆ ನೀರು ಹೊರಬಿದ್ದು ಮೇಲಿನ ಕವಚಕ್ಕೆ ಸೇರಿದರೆ ಅದರ ಕರಗುವ ಉಷ್ಣತೆ ಇಳಿಯುತ್ತದೆ. ಒಣ ಬೆಲ್ಲಕ್ಕಿಂತ ತುಸು ನೀರು ಬೆರೆತ ಬೆಲ್ಲ ಬೇಗ ಪಾಕವಾದಂತೆ ಎನ್ನೋಣ (ಹೋಲಿಕೆ ಪೂರ್ತಿ ಸರಿಯಲ್ಲ, ಅಡುಗೆಮನೆಗೆ ಸಾಕು). ಹೀಗೆ ಹೆಚ್ಚು ಕರಗಿದ ಕವಚದ ಶಿಲಾರಸದಿಂದ ಬೇರ್ಪಡುವ ಕ್ರೋಮೈಟಿನಲ್ಲಿ ಕ್ರೋಮಿಯಂ ಪಾಲು ಹೆಚ್ಚಿರುತ್ತದೆ. ಕಲ್ಲು ಎಷ್ಟೇ ಮಡಚಿ ಬೆಂದರೂ ಕ್ರೋಮೈಟ್ ಕಣದ ಗರ್ಭ ಹಳೆಯ ಗುರುತನ್ನು ಬಹುಮಟ್ಟಿಗೆ ಕಾಯ್ದುಕೊಳ್ಳುತ್ತದೆ.

ಈ ಗುರುತನ್ನು ಆಧರಿಸಿಯೇ 2010ರ ಅಧ್ಯಯನವೊಂದು, ನುಗ್ಗೇಹಳ್ಳಿಯ ಕ್ರೋಮೈಟ್ ಜಾರುಫಲಕದ ಮೇಲಿನ ಪರಿಸರದಲ್ಲಿ, ಮೆಗ್ನೀಸಿಯಂ ಹೇರಳವಾಗಿದ್ದ ಕೊಮಟೈಟ್ ಬಗೆಯ ಶಿಲಾರಸದಿಂದ ಹುಟ್ಟಿತೆಂದು ಸೂಚಿಸಿತು. ಹಾಗೆಂದು ಇದನ್ನು ಓಫಿಯೊಲೈಟ್ ಎಂದುಬಿಡುವುದು ಅವಸರವಾದೀತು. ಮೇಲೆ ಹೇಳಿದ ಪದರಗಳ ಪೂರ್ಣ ಜೋಡಣೆ ಇಲ್ಲಿಲ್ಲ. ಅದಿರು ಇರುವುದು ಹಿಂಡಿ ಹಿಗ್ಗಿಸಿದ ತುಂಡುಗಳಲ್ಲಿ. ಕವಚ ಇಂದಿಗಿಂತ ಹೆಚ್ಚು ಬಿಸಿಯಿದ್ದ ಆ ಯುಗದಲ್ಲಿ ಫಲಕಗಳು ಇಂದಿನಂತೆಯೇ ಜಾರುತ್ತಿದ್ದವೇ ಎಂಬುದರಲ್ಲೇ ವಿದ್ವಾಂಸರಿಗೆ ಒಮ್ಮತವಿಲ್ಲ. ಕ್ರೋಮೈಟ್ ಕಣ ನೀರಿದ್ದ ಶಿಲಾರಸಕ್ಕೆ ಸಾಕ್ಷಿ ಹೇಳಬಹುದು, ದ್ವೀಪಮಾಲೆಗೆ ಹೇಳಲಾರದು. ಕಡಲಿಗಾಗಿ ಇಷ್ಟು ದೂರ ಹುಡುಕಬೇಕಿಲ್ಲದವರಿಗೆ ಅಂಡಮಾನ್ ಇದೆ. ಅಲ್ಲಿನ ಓಫಿಯೊಲೈಟ್ ಕೆಲವೇ ಕೋಟಿ ವರ್ಷದ್ದು, ದ್ವೀಪಚಾಪವೂ ಕಣ್ಣೆದುರೇ ಇದೆ.

ಇದೇ ಜಾತಿಯ ಕಲ್ಲು ನೀರಿನೊಡನೆ ಮತ್ತಷ್ಟು ಮಾರ್ಪಟ್ಟರೆ ಮೆತ್ತನೆಯ ಬಳಪದ ಕಲ್ಲಾಗುತ್ತದೆ. ಹೊಯ್ಸಳ ಶಿಲ್ಪಿಗಳು ಉಳಿಗೆ ಆರಿಸಿಕೊಂಡದ್ದು ಬಳಪದ ಕಲ್ಲನ್ನೇ.