ಲೋಕದ ಬೀಗ

ಅರಸರ ಹೆಸರುಗಳನ್ನು ಇತಿಹಾಸ ತಪ್ಪದೆ ಬರೆದಿಡುತ್ತದೆ. ಅರಮನೆಗೆ ಬೀಗ ಮಾಡಿಕೊಟ್ಟವನ ಹೆಸರು ಅದಕ್ಕೆ ಬೇಡ. ಅಂಥ ಬೀಗದ ಕಸುಬಿನವರ ಕಥೆಯೊಂದು ನಮ್ಮ ಕಾಲದಲ್ಲಿಯೇ ನಡೆದಿದೆ. ಅದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನಾವು ಬ್ಯಾಂಕಿನ ಜಾಲತಾಣಕ್ಕೆ ಕಳುಹಿಸುವ ಪಾಸ್‌ವರ್ಡು ದಾರಿಯಲ್ಲಿ ಯಾರಿಗೂ ತಿಳಿಯದಂತೆ ಗೂಢಲಿಪಿಯಾಗಿ ಹೋಗುತ್ತದೆ. ಈ ಕೆಲಸಕ್ಕೆ ಸರ್ವರುಗಳು ನೆಚ್ಚಿಕೊಂಡಿರುವ ತಂತ್ರಾಂಶಗಳಲ್ಲಿ ಮುಖ್ಯವಾದುದು ಓಪನ್‌ಎಸ್‌ಎಸ್‌ಎಲ್. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಎಂಬವರು ಬರೆದಿದ್ದ ಮೂಲದಿಂದ 1998ರಲ್ಲಿ ಅದು ಹುಟ್ಟಿತು. ಅದಕ್ಕೆ ಬೆಲೆಯಿಲ್ಲ, ಗುಟ್ಟೂ ಇಲ್ಲ. ಯಾರು ಬೇಕಾದರೂ ತೆರೆದು ಓದಬಹುದು.

2012ರ ಮಾರ್ಚಿಯಲ್ಲಿ ಹೊರಬಂದ ಆವೃತ್ತಿಯಲ್ಲಿ ‘ಎದೆಬಡಿತ’ವೆಂಬ ಹೊಸ ಸೌಕರ್ಯವಿದ್ದಿತು. ಒಂದು ಯಂತ್ರ, “ಇದ್ದೀಯಾ? ಇದ್ದರೆ ಈ ನಾಲ್ಕಕ್ಷರವನ್ನು ತಿರುಗಿ ಹೇಳು” ಎನ್ನುತ್ತದೆ, ಇನ್ನೊಂದು ಹೇಳುತ್ತದೆ. ನಾಲ್ಕಕ್ಷರ ಕಳುಹಿಸಿ ಅರುವತ್ತು ಸಾವಿರವೆಂದು ಸುಳ್ಳಾಡಿದರೆ? ಎಣಿಸಿ ನೋಡುವ ಕಟ್ಟಳೆಯೇ ಅಲ್ಲಿರಲಿಲ್ಲ. ಸರ್ವರು ಆ ನಾಲ್ಕನ್ನು ಒಪ್ಪಿಸಿ, ಮಿಕ್ಕುದನ್ನು ತನ್ನ ಸ್ಮೃತಿಕೋಶದಲ್ಲಿ ಪಕ್ಕಕ್ಕಿದ್ದುದರಿಂದ ತುಂಬಿಕೊಡುತ್ತಿತ್ತು. ಒಂದು ಸಾರಿಗೆ 64 ಕಿಲೋಬೈಟುಗಳವರೆಗೆ! ಅದರಲ್ಲಿ ಪರರ ಪಾಸ್‌ವರ್ಡಿರಬಹುದು. ಬೀಗದ ಕೈಯೇ ಇರಬಹುದು.

ಗೂಗಲ್‌ನ ನೀಲ್ ಮೆಹ್ತಾ ಅವರೂ ಫಿನ್ಲೆಂಡಿನ ಕೋಡೆನೊಮಿಕಾನ್ ಸಂಸ್ಥೆಯವರೂ ಬೇರೆಬೇರೆಯಾಗಿಯೇ ಈ ಬಿರುಕನ್ನು ಕಂಡುಹಿಡಿದರು. 2014ರ ಏಪ್ರಿಲ್ 7ರಂದು ಅದು ‘ಹಾರ್ಟ್‌ಬ್ಲೀಡ್’ ಎಂಬ ಹೆಸರಿನಿಂದ ಬಯಲಾಯಿತು. ತೊಂದರೆಗೆ ತೆರೆದುಕೊಂಡಿದ್ದ ತಾಣಗಳು ಸುಮಾರು ಐದು ಲಕ್ಷವೆಂದು ಅಂದಾಜು. ಕೆನಡದ ತೆರಿಗೆ ಇಲಾಖೆಯಿಂದ ಸುಮಾರು 900 ಮಂದಿಯ ಸಾಮಾಜಿಕ ವಿಮೆಯ ಸಂಖ್ಯೆಗಳು ಕಳವಾದವು. ಸರ್ವರು ನೋಡಿಕೊಳ್ಳುವವರಿಗೆ ತಂತ್ರಾಂಶವನ್ನು ಬದಲಿಸಿದರಷ್ಟೇ ಸಾಲದಾಯಿತು. ಕಳ್ಳನು ಕೀಲಿಕೈಯ ಅಚ್ಚು ತೆಗೆದುಕೊಂಡು ಹೋಗಿರಬಹುದಷ್ಟೆ! ಹಳೆಯ ಕೀಲಿಗಳನ್ನೂ ಪ್ರಮಾಣಪತ್ರಗಳನ್ನೂ ರದ್ದುಮಾಡಿ ಹೊಸವನ್ನು ಪಡೆಯಬೇಕಾಯಿತು.

ಆಗ ಲೋಕಕ್ಕೆ ಇನ್ನೊಂದು ಸಂಗತಿಯೂ ತಿಳಿಯಿತು. ಈ ಬೀಗದ ಮೇಲ್ವಿಚಾರಣೆಗೆ ಪೂರ್ಣಕಾಲ ದುಡಿಯುತ್ತಿದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು 2000 ಡಾಲರು. ಇದನ್ನು ನಂಬಿ ನಡೆಯುತ್ತಿದ್ದ ವ್ಯಾಪಾರಕ್ಕೆ ಲೆಕ್ಕವಿಲ್ಲ. ಅದೇ ತಿಂಗಳು ಲಿನಕ್ಸ್ ಫೌಂಡೇಶನ್ನಿನ ಮುಂದಾಳುತನದಲ್ಲಿ ದೊಡ್ಡ ಕಂಪೆನಿಗಳು ಕೂಡಿ ನಿಧಿಯೊಂದನ್ನು ನಿಲ್ಲಿಸಿದವು.

ಎಣಿಕೆ ಮರೆತವರನ್ನು ಹಳಿಯುವುದು ಸುಲಭ. ನನಗೆ ಅದು ನ್ಯಾಯವಾಗಿ ತೋರುವುದಿಲ್ಲ. ಪುಸ್ತಕ ತೆರೆದೇ ಇದ್ದಿತು. ಬೇರೆ ಯಾರಾದರೂ ಓದಿರುತ್ತಾರೆಂದು ಎಲ್ಲರೂ ನಂಬಿದರು. ಊರ ಕೆರೆಯ ನೀರಿಗೆ ಊರೆಲ್ಲ ಬರುತ್ತದೆ, ಹೂಳೆತ್ತುವ ದಿನ ಬರುವವರು ನಾಲ್ಕು ಮಂದಿ. ಹೊಸ ತಾಣಗಳನ್ನು ಕಟ್ಟುವ ನಮ್ಮ ತರುಣರು ಪುಕ್ಕಟೆಯಾಗಿ ಬಂದ ಬೀಗವನ್ನು ಧಾರಾಳವಾಗಿ ಬಳಸಲಿ. ವರ್ಷಕ್ಕೊಂದು ದಿನವಾದರೂ ಗುದ್ದಲಿ ಹಿಡಿದು ಕೆರೆಗೆ ಇಳಿಯಲಿ.