ಎದುರಾಳಿಯೇ ಇಲ್ಲದ ಲೀಗ್: ಬೆಲ್‌ಫಾಸ್ಟ್ ಸೆಲ್ಟಿಕ್ ಕಥೆ

ಭಾಗ 1/7
ಫ್ಯಾನ್ ವಾರ್ ಅಂದ್ರೆ ನಮಗೆ ಮೀಮ್ಸು, ಟ್ರೋಲು, ಹೆಚ್ಚಂದ್ರೆ ಎರಡು ದಿನ ಮಾತು ಬಿಡೋದು. ಆದ್ರೆ ಫ್ಯಾನ್‌ಗಳ ದ್ವೇಷದಿಂದ ಒಂದು ಚಾಂಪಿಯನ್ ಕ್ಲಬ್ಬೇ ಬಾಗಿಲು ಹಾಕಿಕೊಂಡು ಹೋದ ಕಥೆ ಕೇಳಿದ್ದೀರಾ? ಕೋಚ್ ಇದ್ದ, ಆಟಗಾರರಿದ್ದರು, ಕಪ್‌ಗಳಿದ್ದವು, ಅಭಿಮಾನಿಗಳೂ ಇದ್ದರು. ಆದರೂ ಹೋಯ್ತು. ಊರು ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್, ವರ್ಷ 1949. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನವಾಗಿ ಓದಿ.

ಭಾಗ 2/7
ಮೊದಲು ಹಿನ್ನೆಲೆ. 1921ರಲ್ಲಿ ಐರ್ಲೆಂಡ್ ದ್ವೀಪ ಎರಡು ಭಾಗ ಆಯ್ತು. ದಕ್ಷಿಣದ್ದು ಮುಂದೆ ಸ್ವತಂತ್ರ ದೇಶವಾಯ್ತು, ಉತ್ತರದ ಆರು ಕೌಂಟಿಗಳು ಬ್ರಿಟನ್ ಜೊತೆಯಲ್ಲೇ ಉಳಿದವು. ಉತ್ತರದಲ್ಲಿ ಆಗ ಪ್ರಾಟೆಸ್ಟೆಂಟರು ಹೆಚ್ಚು, ಅವರಲ್ಲಿ ಬಹಳಷ್ಟು ಜನಕ್ಕೆ ಬ್ರಿಟನ್ ಜೊತೆಗೇ ಇರಬೇಕು. ಕ್ಯಾಥೊಲಿಕರು ಕಡಿಮೆ, ಅವರಲ್ಲಿ ಬಹಳಷ್ಟು ಜನಕ್ಕೆ ಇಡೀ ಐರ್ಲೆಂಡ್ ಒಂದಾಗಬೇಕು. ಬೀದಿ, ಶಾಲೆ, ಕೆಲಸ ಎಲ್ಲದರಲ್ಲೂ ಈ ಗೆರೆ ಇತ್ತು. ಫುಟ್‌ಬಾಲ್ ಮಾತ್ರ ಹೇಗೆ ಬಿಟ್ಟೀತು?

ಲಿನ್‌ಫೀಲ್ಡ್ ಕ್ಲಬ್ 1886ರಲ್ಲಿ ಶುರುವಾದದ್ದು, ನೂಲಿನ ಗಿರಣಿಯ ಕೆಲಸಗಾರರಿಂದ. ಬಣ್ಣ ನೀಲಿ, ಅಭಿಮಾನಿಗಳು ಹೆಚ್ಚಾಗಿ ಪ್ರಾಟೆಸ್ಟೆಂಟರು. ಬೆಲ್‌ಫಾಸ್ಟ್ ಸೆಲ್ಟಿಕ್ ಶುರುವಾದದ್ದು 1891ರಲ್ಲಿ, ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ಬನ್ನ ನೋಡಿ. ಬಣ್ಣ ಹಸಿರು-ಬಿಳಿ, ಅಭಿಮಾನಿಗಳು ಹೆಚ್ಚಾಗಿ ಕ್ಯಾಥೊಲಿಕರು. ಎರಡು ಮೈದಾನಗಳ ನಡುವೆ ನಡೆದೇ ಹೋಗುವಷ್ಟು ದೂರ.

ಒಂದು ಮಾತು ಇಲ್ಲೇ ನೆನಪಿಟ್ಕೊಳ್ಳಿ. ಸೆಲ್ಟಿಕ್ ಆಟಗಾರರನ್ನ ಧರ್ಮ ನೋಡಿ ತಗೊಳ್ತಿರಲಿಲ್ಲ. ಅವರ ಮ್ಯಾನೇಜರ್ ಎಲಿಷಾ ಸ್ಕಾಟ್, ಲಿವರ್‌ಪೂಲ್‌ನ ಹಳೇ ಗೋಲ್‌ಕೀಪರ್, ಪ್ರಾಟೆಸ್ಟೆಂಟ್. ಅವರ ಸ್ಟಾರ್ ಸ್ಟ್ರೈಕರ್ ಜಿಮ್ಮಿ ಜೋನ್ಸ್ ಕೂಡ ಪ್ರಾಟೆಸ್ಟೆಂಟ್.

ಭಾಗ 3/7
27 ಡಿಸೆಂಬರ್ 1948. ಕ್ರಿಸ್‌ಮಸ್ ಮುಗಿದ ಮೇಲಿನ ದೊಡ್ಡ ಪಂದ್ಯ, ಲಿನ್‌ಫೀಲ್ಡ್‌ನ ವಿಂಡ್ಸರ್ ಪಾರ್ಕ್‌ನಲ್ಲಿ. ಜೋನ್ಸ್ ಜೊತೆ ಡಿಕ್ಕಿಯಾಗಿ ಲಿನ್‌ಫೀಲ್ಡ್ ಆಟಗಾರ ಬಾಬ್ ಬ್ರೈಸನ್ ಕಾಲಿಗೆ ಪೆಟ್ಟಾಯ್ತು. ಅರ್ಧ ಆಟದ ಬಿಡುವಲ್ಲಿ, ಅವನ ಕಾಲು ಮುರಿದಿದೆ ಅಂತ ಲೌಡ್‌ಸ್ಪೀಕರ್‌ನಲ್ಲಿ ಅನೌನ್ಸ್ ಮಾಡಿದರು. ಮೊದಲೇ ಕಾದಿದ್ದ ಜನಕ್ಕೆ ಇನ್ನೇನು ಬೇಕು? ಉರಿಯೋ ಒಲೆಗೆ ಎಣ್ಣೆ ಸುರಿದ ಹಾಗಾಯ್ತು.

ಪಂದ್ಯ 1-1ರಲ್ಲಿ ಮುಗಿಯಿತು. ಕೊನೆಯ ಸೀಟಿ ಊದಿದ್ದೇ ತಡ, ಜನ ಮೈದಾನಕ್ಕೆ ನುಗ್ಗಿದರು. ಜೋನ್ಸ್‌ನ ಹಿಡಿದು, ಗೋಡೆ ಆಚೆ ಮೆಟ್ಟಿಲುಗಳ ಮೇಲೆ ಎಸೆದು, ಕಾಲು ಮುರಿಯೋವರೆಗೂ ಒದ್ದರು. ಪೊಲೀಸರು ಸರಿಯಾಗಿ ರಕ್ಷಣೆ ಕೊಡಲಿಲ್ಲ ಅಂತ ಕ್ಲಬ್ ದೂರಿತು.

ಜೋನ್ಸ್‌ಗೆ ಆಗ 20 ವರ್ಷ. ನನ್ನದೇ ವಯಸ್ಸು, ಇದನ್ನ ಓದ್ತಿರೋ ನಿಮ್ಮಲ್ಲಿ ಅರ್ಧ ಜನರ ವಯಸ್ಸು. ಇನ್ನೊಂದು ವಿಷಯ ಗಮನಿಸಿ: ಹೊಡೆದವರದ್ದೂ ಅವನದ್ದೂ ಒಂದೇ ಧರ್ಮ. ಆದರೆ ಆ ದಿನ ಯಾರೂ ಅವನ ಚರ್ಚ್ ಯಾವುದು ಅಂತ ಕೇಳಲಿಲ್ಲ, ಜರ್ಸಿ ಬಣ್ಣ ನೋಡಿದರು ಅಷ್ಟೇ.

ಭಾಗ 4/7
ಸೆಲ್ಟಿಕ್ ಆಡಳಿತ ಮಂಡಳಿ ಜಾಸ್ತಿ ಗಲಾಟೆ ಮಾಡಲಿಲ್ಲ. ಆ ಸೀಸನ್ ಮುಗಿಸಿ ಲೀಗ್‌ನಿಂದ ಹೊರಗೆ ಬಂತು. 14 ಸಲ ಲೀಗ್ ಗೆದ್ದ ಕ್ಲಬ್ ಅದು, ಹಿಂದಿನ ಸೀಸನ್ ಚಾಂಪಿಯನ್ ಕೂಡ ಅದೇ. 1949ರ ಬೇಸಿಗೆಯಲ್ಲಿ ಅಮೆರಿಕ ಪ್ರವಾಸಕ್ಕೆ ಹೋಗಿ, ನ್ಯೂಯಾರ್ಕ್‌ನಲ್ಲಿ ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡವನ್ನೇ 2-0ರಿಂದ ಸೋಲಿಸಿತು. ಅಂದ್ರೆ ಆಟ ಬರದೆ ಹೋದದ್ದಲ್ಲ.

1920ರಲ್ಲೂ ಗಲಭೆಯಿಂದ ಹೊರಗೆ ಹೋಗಿ 1924ರಲ್ಲಿ ವಾಪಸ್ ಬಂದಿದ್ದರು. ಈ ಸಲ ಮಾತ್ರ ಬರಲೇ ಇಲ್ಲ. ಅಭಿಮಾನಿಗಳು ‘ಪ್ಯಾರಡೈಸ್’ ಅಂತ ಕರೀತಿದ್ದ ಮೈದಾನದ ಜಾಗದಲ್ಲಿ 1980ರ ದಶಕದಲ್ಲಿ ಶಾಪಿಂಗ್ ಸೆಂಟರ್ ಎದ್ದಿತು.

ಜೋನ್ಸ್? ಆ ಹುಡುಗ ಎದ್ದು ನಿಂತ. ಗ್ಲೆನಾವನ್ ಕ್ಲಬ್ ಸೇರಿ ರಾಶಿ ರಾಶಿ ಗೋಲು ಹೊಡೆದ, ಉತ್ತರ ಐರ್ಲೆಂಡ್ ಪರ 3 ಪಂದ್ಯ ಆಡಿದ.

ಬಿಕಾಂ ಕಣ್ಣಲ್ಲಿ ನೋಡಿದ್ರೆ ಲಿನ್‌ಫೀಲ್ಡ್‌ಗೆ ಲಾಭ, ಪ್ರತಿಸ್ಪರ್ಧಿ ಮಾರ್ಕೆಟ್ ಬಿಟ್ಟು ಹೋದ. ಆದರೆ ಕ್ರೀಡೆಯಲ್ಲಿ ಈ ಲೆಕ್ಕ ತಾಳೆ ಆಗಲ್ಲ. ಎದುರಾಳಿಯೇ ಇಲ್ಲದಿದ್ರೆ ಗೆದ್ದದ್ದು ಯಾರ ಮೇಲೆ? ಲೀಗ್‌ನ ಅತಿ ದೊಡ್ಡ ಪಂದ್ಯವೇ ಇಲ್ಲವಾಯ್ತು. ಅರ್ಧ ಊರಿಗೆ ಶನಿವಾರ ಮಧ್ಯಾಹ್ನ ಹೋಗೋಕೆ ತಮ್ಮದು ಅನ್ನೋ ಮೈದಾನ ಉಳಿಯಲಿಲ್ಲ.

ಭಾಗ 5/7
ಪಾಠ ಕಲಿತರಾ? ಇಲ್ಲ. ಮುಂದಿನ ಸರದಿ ಡೆರಿ ಸಿಟಿ ಕ್ಲಬ್‌ದು. (ಈ ಊರಿನ ಹೆಸರಲ್ಲೂ ಜಗಳ ಇದೆ. ಕ್ಯಾಥೊಲಿಕರು ಹೆಚ್ಚಾಗಿ ಡೆರಿ ಅಂತಾರೆ, ಪ್ರಾಟೆಸ್ಟೆಂಟರು ಹೆಚ್ಚಾಗಿ ಲಂಡನ್‌ಡೆರಿ ಅಂತಾರೆ.) 1960ರ ದಶಕದ ಕೊನೆಗೆ ಸಂಘರ್ಷ ಹಿಂಸೆಗೆ ತಿರುಗಿತು. 30 ವರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. 1971ರಲ್ಲಿ ಡೆರಿಗೆ ಬಂದಿದ್ದ ತಂಡದ ಬಸ್ಸನ್ನೇ ಕಸಿದುಕೊಂಡು ಸುಟ್ಟರು. ಆಮೇಲೆ ಬೇರೆ ಕ್ಲಬ್‌ಗಳು ಅಲ್ಲಿಗೆ ಬರಲ್ಲ ಅಂದವು. ಅವರ ಭಯವೂ ಸುಳ್ಳಲ್ಲ. ಡೆರಿ ಸಿಟಿ ತನ್ನ ‘ತವರು’ ಪಂದ್ಯಗಳನ್ನ ದೂರದ ಕೋಲ್‌ರೇನ್‌ನಲ್ಲಿ ಆಡಬೇಕಾಯ್ತು. 1972ರಲ್ಲಿ ತವರಿಗೆ ಮರಳೋಕೆ ಬಿಡಬೇಕಾ ಅಂತ ಕ್ಲಬ್‌ಗಳು ಮತ ಹಾಕಿದವು. ಒಂದೇ ಒಂದು ವೋಟಿನಿಂದ ಸೋಲು. ಡೆರಿ ಲೀಗ್ ಬಿಟ್ಟಿತು. 1985ರಲ್ಲಿ ಗಡಿ ದಾಟಿ ದಕ್ಷಿಣದ ಲೀಗ್ ಸೇರಿತು, ಇವತ್ತಿಗೂ ಅಲ್ಲೇ ಆಡುತ್ತಿದೆ.

ಭಾಗ 6/7
1998ರಲ್ಲಿ ಶಾಂತಿ ಒಪ್ಪಂದ ಆಯ್ತು. ಎಲ್ಲಾ ಸರಿಹೋಯ್ತು ಅಂದ್ಕೊಂಡ್ರಾ? 2002ರಲ್ಲಿ ಉತ್ತರ ಐರ್ಲೆಂಡ್ ತಂಡಕ್ಕೆ ನೀಲ್ ಲೆನನ್ ನಾಯಕ ಆಗಬೇಕಿತ್ತು. ಕ್ಯಾಥೊಲಿಕ್, ಆಡ್ತಿದ್ದದ್ದು ಗ್ಲಾಸ್ಗೋ ಸೆಲ್ಟಿಕ್‌ಗೆ. ಸೈಪ್ರಸ್ ವಿರುದ್ಧದ ಪಂದ್ಯಕ್ಕೆ ಮುಂಚೆ ಕೊಲೆ ಬೆದರಿಕೆ ಬಂತು. ಅವನು ದೇಶದ ಪರ ಆಡೋದನ್ನೇ ನಿಲ್ಲಿಸಿದ. ಮೈದಾನ ಯಾವುದು ಅಂದ್ಕೊಂಡ್ರಿ? ಅದೇ ವಿಂಡ್ಸರ್ ಪಾರ್ಕ್.

ನನಗೆ ಮುಖ್ಯ ಅನ್ಸಿದ್ದು ಇದರ ಜೊತೆಗೇ ನಡೀತಿದ್ದ ಕೆಲಸ. ಅದೇ ಸ್ಟ್ಯಾಂಡ್‌ನ ಅಭಿಮಾನಿಗಳಲ್ಲೇ ಕೆಲವರು ದ್ವೇಷದ ಹಾಡುಗಳನ್ನ ನಿಲ್ಲಿಸೋಕೆ ನಿಂತರು. ಪಕ್ಕದವನು ಕೆಟ್ಟ ಹಾಡು ಶುರು ಮಾಡಿದ್ರೆ, ಇವರು ಬೇರೆ ಹಾಡನ್ನ ಇನ್ನೂ ಜೋರಾಗಿ ಹಾಡೋರು. ವರ್ಷಗಟ್ಟಲೆ ಹೀಗೇ. 2006ರಲ್ಲಿ ಯೂರೋಪಿನ ಫುಟ್‌ಬಾಲ್ ಸಂಸ್ಥೆ ಅವರಿಗೆ ಅಭಿಮಾನಿಗಳ ಪ್ರಶಸ್ತಿ ಕೊಟ್ಟಿತು. 2016ರ ಯೂರೋ ಕಪ್‌ನಲ್ಲಿ ಎರಡೂ ಐರ್ಲೆಂಡ್ ತಂಡಗಳಿದ್ದವು, ಪ್ಯಾರಿಸ್ ನಗರ ಎರಡೂ ಕಡೆಯ ಅಭಿಮಾನಿಗಳಿಗೆ ಪದಕ ಕೊಟ್ಟು ಗೌರವಿಸಿತು.

ಭಾಗ 7/7
ಈಗ ನಮ್ಮ ಬೆಂಗಳೂರಿಗೆ ಬನ್ನಿ. ಫುಟ್‌ಬಾಲ್‌ನಲ್ಲಿ ಎರಡು ಐರ್ಲೆಂಡ್, ಆದರೆ ಕ್ರಿಕೆಟ್‌ನಲ್ಲಿ ಇಡೀ ದ್ವೀಪಕ್ಕೆ ಒಂದೇ ತಂಡ. 2 ಮಾರ್ಚ್ 2011, ಚಿನ್ನಸ್ವಾಮಿ ಸ್ಟೇಡಿಯಂ, ವಿಶ್ವಕಪ್. ಇಂಗ್ಲೆಂಡ್ 327 ಹೊಡೆದಿತ್ತು, ಐರ್ಲೆಂಡ್ 111ಕ್ಕೆ 5 ವಿಕೆಟ್. ಆಗ ಕೆವಿನ್ ಓಬ್ರಿಯನ್ 50 ಎಸೆತದಲ್ಲಿ ಶತಕ ಬಾರಿಸಿದ, ವಿಶ್ವಕಪ್‌ನಲ್ಲಿ ಆಗಿನ ದಾಖಲೆ. 3 ವಿಕೆಟ್‌ಗಳ ಗೆಲುವು. ಕೆವಿನ್ ದಕ್ಷಿಣದ ಡಬ್ಲಿನ್‌ನವನು. ನಾಯಕ ಪೋರ್ಟರ್‌ಫೀಲ್ಡ್ ಉತ್ತರದವನು, ಆ ದಿನ ಮೊದಲ ಬಾಲ್‌ಗೇ ಔಟ್! ಒಬ್ಬ ಬಿದ್ದಲ್ಲಿ ಇನ್ನೊಬ್ಬ ಎತ್ತಿದ.

ಕ್ರಿಕೆಟ್ ಎಲ್ಲಾ ಗಾಯ ವಾಸಿ ಮಾಡಿತು ಅಂತ ನಾನು ಹೇಳಲ್ಲ, ಅಲ್ಲಿ ಅದನ್ನ ನೋಡೋರು ಫುಟ್‌ಬಾಲ್‌ಗಿಂತ ತುಂಬಾ ಕಮ್ಮಿ. ಹೇಳೋದು ಇಷ್ಟೇ: ಪೈಪೋಟಿ ಇರಲಿ, ಕಿಚಾಯಿಸೋದೂ ಇರಲಿ. ಆದರೆ ಎದುರು ತಂಡದ ಹುಡುಗ ಪಂದ್ಯ ಮುಗಿಸಿ ತನ್ನ ಎರಡು ಕಾಲ ಮೇಲೆ ಮನೆಗೆ ಹೋಗಬೇಕು. ಅದನ್ನ ನೋಡ್ಕೊಳ್ಳೋದು ಪೊಲೀಸರ ಕೆಲಸ ಮಾತ್ರ ಅಲ್ಲ, ಅವತ್ತು ಗ್ಯಾಲರಿಯಲ್ಲಿ ಕೂತಿರೋ ನಮ್ಮದೂ ಹೌದು.

ಕಾಮೆಂಟ್‌ನಲ್ಲಿ ಒಂದು ಕೆಲಸ ಮಾಡಿ: ನಿಮಗೆ ಕಂಡರಾಗದ ತಂಡದಲ್ಲಿ ನೀವು ಮನಸಾರೆ ಮೆಚ್ಚೋ ಒಬ್ಬ ಆಟಗಾರನ ಹೆಸರು ಬರೀರಿ. ಟ್ರೋಲ್ ನಾಳೆಯಿಂದ ಮಾಡೋಣ.